ಗಾಳಿಗೆ ಬಿದ್ದ ಹಲಸಿನ ಮರ: ಊಟದ ಮೇಜು ಮಾಡಿಸುವುದೋ, ದಿಮ್ಮಿ ಮಾರುವುದೋ?

ತೋಟದಮನೆ (ಶಿರಸಿ)

ಎಲ್ಲರಿಗೂ ನಮಸ್ಕಾರ. ಜೂನ್ ತಿಂಗಳ ಗಾಳಿಗೆ ನಮ್ಮ ಹಿತ್ತಿಲಿನ ಹಲಸಿನ ಮರ ಬುಡಸಮೇತ ಉರುಳಿತು. ಕೊಂಬೆಗಳನ್ನು ಕಡಿಸಿ ಸೌದೆಗೆ ಹಾಕಿದ್ದೇವೆ. ಕಾಂಡ ಮಾತ್ರ ಬಿದ್ದಲ್ಲೇ ಇದೆ. ನೇರವಾದ ಭಾಗ 10 ಅಡಿ, ಸುತ್ತಳತೆ 60 ಇಂಚು.

ಇದರಲ್ಲಿ ಆರು ಜನ ಕೂರುವ ಊಟದ ಮೇಜು ಮಾಡಿಸಬೇಕೆಂದು ನನಗೂ ಅಮ್ಮನಿಗೂ ಆಸೆ. ಬೆಂಗಳೂರಿನಲ್ಲಿರುವ ಅಣ್ಣ ಬೇಡವೇ ಬೇಡ ಎನ್ನುತ್ತಾನೆ. ದಿಮ್ಮಿ ಮಾರಿ, ಆ ಹಣಕ್ಕೆ ಇನ್ನಷ್ಟು ಸೇರಿಸಿ ಕಾರ್ಖಾನೆಯ ಮೇಜು ತರಿಸಿದರೆ ವಾರದಲ್ಲಿ ಕೆಲಸ ಮುಗಿಯುತ್ತದೆ ಎಂಬುದು ಅವನ ವಾದ. ಮರದ ವ್ಯಾಪಾರಿಯೊಬ್ಬರು ಬಂದು ನೋಡಿ ಹೆಚ್ಚೆಂದರೆ 10 ಘನ ಅಡಿ ಎಂದು ಲೆಕ್ಕ ಹೇಳಿ ಹೋದರು. ಇಬ್ಬರು ಆಚಾರಿಗಳನ್ನು ಕೇಳಿದೆ. ಒಬ್ಬರು ನಾಳೆಯೇ ಕೆಲಸ ಹಿಡಿಯುತ್ತೇನೆ ಎಂದರು. ಇನ್ನೊಬ್ಬರು ವಯಸ್ಸಾದವರು, ಈ ಮರಕ್ಕೆ ಮುಂದಿನ ವರ್ಷ ಉಳಿ ಹಾಕೋಣ ಎಂದು ಎದ್ದು ಹೋದರು. ಯಾರ ಮಾತು ಕೇಳಲಿ?

ಕೆಚ್ಚು

ಎದ್ದು ಹೋದವರ ಮಾತು ಕೇಳಿ.

ಮರದಲೆಕ್ಕ (ದಾಂಡೇಲಿ)

ಮೊದಲು ಆ 10 ಘನ ಅಡಿಯ ವಿಷಯ ಇತ್ಯರ್ಥ ಮಾಡೋಣ. ಸುತ್ತಳತೆ ಎಲ್ಲಿ ಹಿಡಿದದ್ದು? ಬುಡದಲ್ಲೋ, ಕಾಂಡದ ನಡುವೆಯೋ?

ತೋಟದಮನೆ (ಶಿರಸಿ)

ನಡುವೆ. ಸಿಪ್ಪೆ ಕೆತ್ತಿಸಿದ ಮೇಲೆ ಅಳೆದದ್ದು.

ಮರದಲೆಕ್ಕ (ದಾಂಡೇಲಿ)

ಹಾಗಾದರೆ ಲೆಕ್ಕ ಸುಲಭ. ಟಿಂಬರ್ ವ್ಯಾಪಾರದಲ್ಲಿ ನಡೆಯುವುದು ಕಾಲು ಸುತ್ತಳತೆಯ ಲೆಕ್ಕ. ಸುತ್ತಳತೆಯ ನಾಲ್ಕನೆಯ ಒಂದು ಭಾಗ 15 ಇಂಚು. 15ನ್ನು 15ರಿಂದ ಗುಣಿಸಿದರೆ 225. ಅದನ್ನು 144ರಿಂದ ಭಾಗಿಸಿ, 10 ಅಡಿಯಿಂದ ಗುಣಿಸಿ. 15.6 ಘನ ಅಡಿ ಬಂತು. ನಿಮ್ಮ ವ್ಯಾಪಾರಿ ಐದೂವರೆ ಘನ ಅಡಿಯನ್ನು ಬಾಯಲ್ಲೇ ಕರಗಿಸಿದ್ದಾರೆ.

ಇನ್ನೊಂದು ವಿಷಯ ಕೇಳಿ. ಈ ಕಾಲು ಸುತ್ತಳತೆಯ ಲೆಕ್ಕವೇ ನಿಜವಾದ ಗಾತ್ರಕ್ಕಿಂತ ಕಡಿಮೆ ತೋರಿಸುತ್ತದೆ. ದುಂಡು ದಿಮ್ಮಿಯ ನಿಜವಾದ ಗಾತ್ರ ಸುಮಾರು 19.9 ಘನ ಅಡಿ. ಚೌಕ ಮಾಡುವಾಗ ಅಂಚಿನ ಸೀಳು ಹೋಗುತ್ತದೆ ಎಂದು 21 ಶೇಕಡಾದಷ್ಟು ಮೊದಲೇ ಬಿಟ್ಟುಕೊಟ್ಟ ಲೆಕ್ಕ ಅದು. ಅದರ ಮೇಲೂ ಮತ್ತೆ ಕಡಿತ ಮಾಡಿದರೆ ಅದಕ್ಕೆ ವ್ಯಾಪಾರ ಎನ್ನುವುದಿಲ್ಲ. ಮಾರುವುದಿದ್ದರೂ ಈ ಅಂಕಿ ಕೈಯಲ್ಲಿ ಹಿಡಿದು ಮಾತನಾಡಿ.

ಒಳಮನೆ (ಬೆಂಗಳೂರು)

ಅಣ್ಣನ ಪರವಾಗಿ ನಾನೊಬ್ಬಳಾದರೂ ಮಾತನಾಡುತ್ತೇನೆ. ಒಳಾಂಗಣ ವಿನ್ಯಾಸ ನನ್ನ ವೃತ್ತಿ. ಗಟ್ಟಿ ಮರ ಎಂದರೆ ಶ್ರೇಷ್ಠ, ಪ್ಲೈವುಡ್ ಎಂದರೆ ಕಳಪೆ ಎಂಬ ಮಾತು ಇಲ್ಲಿ ಇನ್ನೇನು ಶುರುವಾಗುತ್ತದೆ, ಅದಕ್ಕೆ ಮೊದಲೇ ಹೇಳಿಬಿಡುತ್ತೇನೆ. ಪ್ಲೈವುಡ್‌ನಲ್ಲಿ ಒಂದು ಪದರದ ನಾರು ಉದ್ದಕ್ಕಿದ್ದರೆ ಮುಂದಿನದು ಅಡ್ಡಕ್ಕೆ. ಅದಕ್ಕೇ ಅದು ಹಿಗ್ಗುವುದೂ ಕುಗ್ಗುವುದೂ ಕಡಿಮೆ. ಅಡುಗೆಮನೆಯ ಕಪಾಟಿಗೆ, ಗೋಡೆಯುದ್ದದ ಬೀರುವಿಗೆ ಅದಕ್ಕಿಂತ ಸರಿಯಾದ ವಸ್ತು ಇಲ್ಲ. ಕೊಳ್ಳುವಾಗ ಹಾಳೆಯ ಮೇಲಿನ ಗುಣಮಟ್ಟದ ಗುರುತು ಐಎಸ್ 303 ಇದೆಯೋ ಐಎಸ್ 710 ಇದೆಯೋ ನೋಡಿ. ಎರಡನೆಯದು ನೀರಿನ ಹತ್ತಿರದ ಕೆಲಸಕ್ಕೆ.

ಜನ ದೂರುವುದು ಬಹುತೇಕ ಪ್ಲೈವುಡ್ ಬಗ್ಗೆ ಅಲ್ಲವೇ ಅಲ್ಲ. ಮರದ ಪುಡಿಯನ್ನು ಅಂಟಿನಲ್ಲಿ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡ್ ಬಗ್ಗೆ. ಅದಕ್ಕೆ ಒಮ್ಮೆ ನೀರು ತಾಗಿ ಊದಿತೆಂದರೆ ಮತ್ತೆ ಕೂರುವುದಿಲ್ಲ.

ಬಡಗಿಮನೆ (ಸಾಗರ)

ಮೇಡಂ, ಕಪಾಟಿನ ವಿಷಯದಲ್ಲಿ ನಿಮ್ಮ ಮಾತು ಸರಿ. ಆದರೆ ಇವರು ಕೇಳುತ್ತಿರುವುದು ಮೇಜು. ನಮ್ಮ ತಂದೆ, ದೊಡ್ಡಪ್ಪ ಇಬ್ಬರೂ ಮರಗೆಲಸದವರು, ನಾನೂ ಅದನ್ನೇ ಮಾಡುತ್ತಿದ್ದೇನೆ. ಮೇಜಿನ ಮೇಲೆ ದಿನವೂ ಬಿಸಿ ಪಾತ್ರೆ ಇಡುತ್ತಾರೆ, ಒದ್ದೆ ಬಟ್ಟೆಯಲ್ಲಿ ಒರೆಸುತ್ತಾರೆ, ಮಕ್ಕಳು ಚಮಚದಲ್ಲಿ ಕುಟ್ಟುತ್ತಾರೆ. ಹತ್ತು ವರ್ಷದ ನಂತರ ಗಟ್ಟಿ ಮರದ ಮೇಲ್ಮೈಯನ್ನು ಒಂದು ಎಳೆ ಕೀಸಿ ಎಣ್ಣೆ ಹಚ್ಚಿದರೆ ಹೊಸದಾಗುತ್ತದೆ. ತೆಳು ಹೊದಿಕೆ ಅಂಟಿಸಿದ ಮೇಜನ್ನು ಕೀಸಲು ಹೋದರೆ ಕೆಳಗಿನ ಹಾಳೆಯೇ ಎದ್ದು ಬರುತ್ತದೆ.

ತೋಟದಮನೆಯವರೇ, ನಾಳೆಯೇ ಕೆಲಸ ಹಿಡಿಯುತ್ತೇನೆ ಎಂದವರ ಮಾತು ಏಕೆ ಕೇಳಬಾರದು ಎಂದು ಬಿಡಿಸಿ ಹೇಳುತ್ತೇನೆ. ಈಗ ಬಿದ್ದ ಮರದೊಳಗೆ ನೀರು ಎರಡು ರೀತಿಯಲ್ಲಿ ಇರುತ್ತದೆ. ನಾರಿನ ನಳಿಕೆಗಳ ಒಳಗೆ ತುಂಬಿದ ನೀರು ಮೊದಲು ಹೋಗುತ್ತದೆ. ಅದು ಹೋದರೆ ತೂಕ ಇಳಿಯುತ್ತದೆ, ಮರದ ಆಕಾರ ಬದಲಾಗುವುದಿಲ್ಲ. ತೇವಾಂಶ ಸುಮಾರು 30 ಶೇಕಡಾಕ್ಕೆ ಬಂದ ಮೇಲೆ ನಳಿಕೆಯ ಗೋಡೆಯೊಳಗಿನ ನೀರು ಬಿಡಲು ಶುರುವಾಗುತ್ತದೆ. ಮರ ಕುಗ್ಗುವುದು ಆಗ. ಉದ್ದಕ್ಕೆ ಕುಗ್ಗುವುದು ಲೆಕ್ಕಕ್ಕೇ ಇಲ್ಲ. ಅಗಲಕ್ಕೆ ಕುಗ್ಗುತ್ತದೆ, ಅದೂ ಎಲ್ಲ ಕಡೆ ಒಂದೇ ಸಮವಲ್ಲ. ವರ್ಷದ ಉಂಗುರಗಳ ಗುಂಟ ಕುಗ್ಗುವುದು, ತಿರುಳಿನಿಂದ ಸಿಪ್ಪೆಯ ಕಡೆಗೆ ಕುಗ್ಗುವುದರ ಸುಮಾರು ಎರಡರಷ್ಟು. ಹಸಿ ಮರದಲ್ಲಿ ಮೇಜು ಮಾಡಿದರೆ ಈ ಕುಗ್ಗಾಟವೆಲ್ಲ ನಿಮ್ಮ ಊಟದ ಮನೆಯಲ್ಲಿ ನಡೆಯುತ್ತದೆ. ಕೂಡು ಸಡಿಲವಾಗುತ್ತದೆ, ಹಲಗೆ ಬಟ್ಟಲಿನಂತೆ ಬಗ್ಗುತ್ತದೆ, ನಡುವೆ ಸೀಳು ಬಿಡುತ್ತದೆ.

ಈಗಲೇ ಮಾಡಬೇಕಾದದ್ದು ಇಷ್ಟು. ದಿಮ್ಮಿಯ ಎರಡೂ ತುದಿಗಳಿಗೆ ಇವತ್ತೇ ದಪ್ಪಗೆ ಬಣ್ಣವನ್ನೋ ಕರಗಿಸಿದ ಮೇಣವನ್ನೋ ಬಳಿಯಿರಿ. ತುದಿಯಿಂದ ನೀರು ಬೇಗ ಹೋಗಿ ಅಲ್ಲೇ ಮೊದಲು ಬಿರುಕು ಬಿಡುವುದು. ದಿಮ್ಮಿಯನ್ನು ನೆಲದಿಂದ ಎತ್ತಿ ಅಡ್ಡ ತುಂಡುಗಳ ಮೇಲೆ ಇಡಿ. ದುಂಡಾಗಿಯೇ ಬಹಳ ದಿನ ಬಿಡಬೇಡಿ, ಮಿಲ್ಲಿಗೆ ಹಾಕಿ ಹಲಗೆ ಕೊಯ್ಯಿಸಿ. ಮೇಜಿನ ಮೇಲ್ಭಾಗ ಒಂದು ಇಂಚು ಬೇಕಾದರೆ ಒಂದೂಕಾಲು ಇಂಚು ಕೊಯ್ಯಿಸಿ, ಕಾಲುಗಳಿಗೆ ಮೂರೂವರೆ ಇಂಚಿನ ಚೌಕ. ನಟ್ಟನಡುವಿನ ತಿರುಳು ಬಿಂದು ಯಾವ ಹಲಗೆಯಲ್ಲೂ ಉಳಿಯಬಾರದು. ಅದಿದ್ದ ಹಲಗೆ ಒಡೆಯದೆ ಇರುವುದಿಲ್ಲ.

ಹಲಗೆಗಳನ್ನು ನೆರಳಿನಲ್ಲಿ, ಗಾಳಿ ಆಡುವ ಕಡೆ ಒಂದರ ಮೇಲೊಂದು ಪೇರಿಸಿ. ಪ್ರತಿ ಎರಡು ಹಲಗೆಯ ನಡುವೆ ಒಂದೇ ದಪ್ಪದ ಪಟ್ಟಿಗಳು ಬೇಕು, ಒಂದೂವರೆ ಎರಡು ಅಡಿಗೊಂದು. ಮೇಲಿನ ಪಟ್ಟಿ ಕೆಳಗಿನ ಪಟ್ಟಿಯ ನೇರಕ್ಕೇ ಬರಬೇಕು. ಅದು ತಪ್ಪಿದರೆ ಹಲಗೆ ಒಣಗುತ್ತಾ ಅಲೆಅಲೆಯಾಗಿ ಡೊಂಕಾಗುತ್ತದೆ. ತುದಿಯಲ್ಲಿ ಭಾರ ಹೇರಿ.

ಕೆಚ್ಚು

ಮಿಲ್ಲಿಗೆ ಒಯ್ಯುವ ಮೊದಲು ಮೊಳೆ ನೋಡಿ! ಹಿತ್ತಿಲಿನ ಮರ ಎಂದಿದ್ದೀರಿ. ಬಟ್ಟೆ ಒಣಗಿಸುವ ತಂತಿಗೆಂದು ಯಾವ ಕಾಲದಲ್ಲೋ ಹೊಡೆದ ಮೊಳೆಯನ್ನು ಮರ ನುಂಗಿರುತ್ತದೆ. ಗರಗಸದ ಪಟ್ಟಿ ಮುರಿದರೆ ಮಿಲ್ಲಿನವರು ದುಡ್ಡು ನಿಮ್ಮಿಂದಲೇ ವಸೂಲು ಮಾಡುತ್ತಾರೆ, ನ್ಯಾಯವೂ ಅದೇ. ಕತ್ತರಿಸಿದ ತುದಿಯಲ್ಲಿ ನೀಲಿ ಕಪ್ಪು ಕಲೆ ಕಂಡರೆ ಒಳಗೆ ಕಬ್ಬಿಣ ಇದೆ ಎಂದೇ ತಿಳಿಯಿರಿ.

ಹಸಿರುಕಾನೂನು

ಯಾರೂ ಈ ಮಾತು ಎತ್ತಲಿಲ್ಲ, ಆಶ್ಚರ್ಯ. ಮರ ಬಿದ್ದ ಜಾಗ ಪಟ್ಟಾ ಹಿತ್ತಿಲೋ, ತೋಟಕ್ಕೆ ಸೊಪ್ಪು ತರಲು ಬಿಟ್ಟ ಸೊಪ್ಪಿನ ಬೆಟ್ಟವೋ? ಉತ್ತರ ಕನ್ನಡದಲ್ಲಿ ಇವೆರಡಕ್ಕೂ ಅಜಗಜಾಂತರ. ಬೆಟ್ಟದ ಮರ ಅನುಭೋಗದ ಹಕ್ಕಿನ ಪ್ರಶ್ನೆ, ಹಿತ್ತಿಲಿನ ಮರದ ಹಾಗಲ್ಲ. ಪಟ್ಟಾ ಜಮೀನಿನಲ್ಲೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ. ಕೆಲವು ಜಾತಿಗಳಿಗೆ ವಿನಾಯಿತಿ ಇದೆ, ಉಳಿದವುಗಳಿಗೆ ವೃಕ್ಷಾಧಿಕಾರಿಯ ಅನುಮತಿ ಬೇಕು. ಗಾಳಿಗೆ ಬಿದ್ದದ್ದು ಎಂದು ಬರೆದು, ಬುಡದ ಫೋಟೊ ಸಮೇತ ವಲಯ ಅರಣ್ಯ ಕಚೇರಿಗೆ ಅರ್ಜಿ ಕೊಡಿ. ಮಿಲ್ಲಿಗೆ ಸಾಗಿಸಲು ರಹದಾರಿ ಬೇಕೇ ಎಂಬುದನ್ನೂ ಅದೇ ಅರ್ಜಿಯಲ್ಲಿ ಕೇಳಿಬಿಡಿ. ದಾರಿಯಲ್ಲಿ ಲಾರಿ ತಡೆದಾಗ ಬಾಯಿಮಾತು ನಡೆಯುವುದಿಲ್ಲ.

ಮಿಲ್ಲಿಗೂ ಪರವಾನಗಿ ಇರಬೇಕು. ಕಾಡು ಉಳಿಸುವ ಕುರಿತಾದ ಗೋದಾವರ್ಮನ್ ಪ್ರಕರಣದಲ್ಲಿ 1996ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶ ಬಂದ ಮೇಲೆ ದೇಶದಲ್ಲಿ ಮರದ ಮಿಲ್ಲುಗಳ ಮೇಲಿನ ಹಿಡಿತವೇ ಬೇರೆಯಾಯಿತು.

ತೋಟದಮನೆ (ಶಿರಸಿ)

ಪಟ್ಟಾ ಹಿತ್ತಿಲೇ. ಅರ್ಜಿ ನಾಳೆಯೇ ಕೊಡುತ್ತೇನೆ. ಈ ವಿಷಯ ನೆನಪಿಸಿದ್ದಕ್ಕೆ ಉಪಕಾರವಾಯಿತು.

ಕಡಲತಡಿ (ಕುಂದಾಪುರ)

ನಮ್ಮ ಕಡೆ ಹಿರಿಯರು ದಿಮ್ಮಿಯನ್ನು ಕೆರೆಯಲ್ಲೋ ಹೊಳೆಯಲ್ಲೋ ಮುಳುಗಿಸಿ ತಿಂಗಳುಗಟ್ಟಲೆ ಬಿಡುತ್ತಿದ್ದರು. ಹಾಗೆ ಮಾಡಿದ ಮರಕ್ಕೆ ಕುಟ್ಟೆ ಹಿಡಿಯುವುದಿಲ್ಲ. ಅಮಾವಾಸ್ಯೆಯ ಹತ್ತಿರ ಕಡಿದ ಮರಕ್ಕೂ ಹಿಡಿಯುವುದಿಲ್ಲ, ಹುಣ್ಣಿಮೆಯ ಮರಕ್ಕೆ ಹಿಡಿಯುತ್ತದೆ. ಇದು ನಮ್ಮ ಮನೆಯಲ್ಲಿ ಕಣ್ಣಾರೆ ಕಂಡದ್ದು. ನಿಮ್ಮ ಮರ ಬಿದ್ದ ದಿನ ಯಾವ ತಿಥಿ ನೋಡಿದಿರಾ?

ಬೀಜಗಣಿತ (ಹಾಸನ)

ಕಡಲತಡಿಯವರೇ, ನೀರಿನಲ್ಲಿ ಮುಳುಗಿಸುವ ಪದ್ಧತಿಗೆ ಗಟ್ಟಿ ಕಾರಣ ಇದೆ. ಕುಟ್ಟೆ ಹುಳು ಬರುವುದು ಮರದ ಹೊರಗಿನ ಬಿಳಿ ಭಾಗದಲ್ಲಿರುವ ಪಿಷ್ಟವನ್ನು ತಿನ್ನಲು. ತಿಂಗಳುಗಟ್ಟಲೆ ನೀರಿನಲ್ಲಿದ್ದರೆ ಆ ಪಿಷ್ಟ ಕೊಳೆತು ಕರಗಿ ಹೋಗುತ್ತದೆ. ಬಿದಿರನ್ನು ನೀರಿನಲ್ಲಿ ಹಾಕುವುದೂ ಇದಕ್ಕೇ. ಆದರೆ ತಿಥಿಯ ಮಾತು ನಾನು ಒಪ್ಪುವುದಿಲ್ಲ. ಮರದಲ್ಲಿ ಪಿಷ್ಟ ಹೆಚ್ಚು ಕಡಿಮೆಯಾಗುವುದು ಚಿಗುರು, ಹೂವು, ಕಾಯಿಯ ಕಾಲಕ್ಕೆ ತಕ್ಕಂತೆ. ಋತು ನೋಡಿ ಕಡಿಯುವುದರಲ್ಲಿ ಅರ್ಥವಿದೆ. ಹದಿನೈದು ದಿನದ ಅಂತರದಲ್ಲಿ ಅಷ್ಟು ವ್ಯತ್ಯಾಸ ಹೇಗೆ ಬರುತ್ತದೆ?

ಕಡಲತಡಿ (ಕುಂದಾಪುರ)

ಹೇಗೆ ಬರುತ್ತದೆ ಎಂದು ನನಗೇಕೆ ಕೇಳುತ್ತೀರಿ? ನೂರು ವರ್ಷದ ಮನೆಯ ಜಂತಿ ಇನ್ನೂ ಗಟ್ಟಿಯಾಗಿದೆ, ಬಂದು ನೋಡಿ.

ಬೀಜಗಣಿತ (ಹಾಸನ)

ಆ ಜಂತಿ ಪೂರ್ತಿ ಕೆಚ್ಚಿನದ್ದು, ಎಂದರೆ ಮರದ ಒಳಗಿನ ಗಟ್ಟಿ ಭಾಗದ್ದಾಗಿರುತ್ತದೆ ಎಂದು ಪಂಥ ಕಟ್ಟುತ್ತೇನೆ. ಹಳಬರು ಬಿಳಿ ಭಾಗವನ್ನು ಬಾಚಿಯಿಂದ ಕೆತ್ತಿ ಎಸೆಯುತ್ತಿದ್ದರು. ಅಮಾವಾಸ್ಯೆಗೆ ಸಿಗುವ ಕೀರ್ತಿ ಆ ಬಾಚಿಗೆ ಸಲ್ಲಬೇಕು.

ಬಡಗಿಮನೆ (ಸಾಗರ)

ಇಬ್ಬರೂ ಸಾಕು ಮಾಡಿ, ಮಾರಾಯರೇ. ಬಿದ್ದ ಮರಕ್ಕೆ ಮುಹೂರ್ತ ಹುಡುಕಿ ಏನು ಮಾಡುವುದು? ಹಲಸಿನಲ್ಲಿ ಕೆಚ್ಚು ಹಳದಿ, ಹೊರಗಿನ ಭಾಗ ತಿಳಿ ಬಣ್ಣ. ಗೆರೆ ಎಳೆದಂತೆ ಕಾಣುತ್ತದೆ. ತಿಳಿ ಭಾಗವನ್ನು ಮೇಜಿಗೆ ಬಳಸಲೇಬೇಡಿ. ಬಳಸುವ ಅನಿವಾರ್ಯ ಬಂದರೆ ಕೊಯ್ಯಿಸಿದ ಕೂಡಲೇ ಬೋರಾಕ್ಸ್ ಮತ್ತು ಬೋರಿಕ್ ಆಮ್ಲ ಕರಗಿಸಿದ ನೀರಿನಲ್ಲಿ ಅದ್ದಿ ಒಣಗಿಸಿ. ಮೇಲೆ ಪಾಲಿಶ್ ಹೊಡೆದ ಮೇಲೆ ಔಷಧ ಹಚ್ಚಿದರೆ ಒಳಗೆ ಇಳಿಯುವುದಿಲ್ಲ. ಮೇಜಿನ ಕೆಳಗೆ ಹಿಟ್ಟಿನಂತಹ ಪುಡಿ ಬೀಳುವುದನ್ನು ಕಂಡ ಮೇಲೆ ಹುಡುಕಿಕೊಂಡು ಬರುವವರು ಬಹಳ ಜನ.

ತಂತಿನಾದ (ಮೈಸೂರು)

ಹಲಸಿನ ಮಾತು ಬಂತೆಂದು ಒಂದು ವಿಷಯ ಹೇಳಿಬಿಡುತ್ತೇನೆ, ದಾರಿ ತಪ್ಪಿದೆ ಎಂದು ಬೈಯಬೇಡಿ. ವೀಣೆಯ ಕೊಡ, ಮೃದಂಗದ ಒಡಲಾದ ಕಳಸಿಗೆ ಎರಡೂ ಹಲಸಿನ ಮರದ್ದೇ. ತಂಜಾವೂರಿನಲ್ಲಿ ಒಂದೇ ದಿಮ್ಮಿಯಿಂದ ಕೊಡ, ದಂಡಿ ಎಲ್ಲವನ್ನೂ ಕೆತ್ತಿದ ಏಕಾಂಡ ವೀಣೆ ಮಾಡುತ್ತಾರೆ. ಅಷ್ಟು ದೊಡ್ಡದಾಗಿ ಕೊರೆದರೂ ಒಡೆಯದ ಮರ, ಒಣಗಿದ ಮೇಲೆ ನಾದ ಕೊಡುವ ಮರ. ನಿಮ್ಮ ದಿಮ್ಮಿಯಲ್ಲಿ ನೇರ ಎಳೆಯ ತುಂಡು ಉಳಿದರೆ ಸೌದೆಗೆ ಮಾತ್ರ ಹಾಕಬೇಡಿ, ವಾದ್ಯ ಮಾಡುವವರು ಕೊಳ್ಳುತ್ತಾರೆ.

ಬೀಜಗಣಿತ (ಹಾಸನ)

ಬೌದ್ಧ ಭಿಕ್ಷುಗಳು ಉಡುವ ಚೀವರಕ್ಕೆ ಬಣ್ಣ ಕಟ್ಟಲು ಹಲಸಿನ ಕೆಚ್ಚಿನ ಚಕ್ಕೆಗಳನ್ನು ಕುದಿಸುತ್ತಿದ್ದರು. ಆ ಹಳದಿ ಈ ಮರದ್ದೇ.

ಪರದೇಶಿ (ಮಿನೆಸೋಟಾ)

ಇಲ್ಲಿ ಕೂತು ಇದನ್ನೆಲ್ಲ ಓದುತ್ತಿದ್ದರೆ ಊರಿನ ಕೊಟ್ಟಿಗೆಯ ಅಟ್ಟದಲ್ಲಿ ಪೇರಿಸಿದ್ದ ಹಲಗೆಗಳು ಕಣ್ಣಿಗೆ ಕಟ್ಟುತ್ತಿವೆ. ಬಿಡುವಿನಲ್ಲಿ ಮರಗೆಲಸ ಮಾಡುತ್ತೇನೆ, ಮನೆಯ ಹೆಚ್ಚಿನ ಕುರ್ಚಿ ಮೇಜು ನನ್ನ ಕೈಯವೇ. ಚಳಿಗಾಲದಲ್ಲಿ ಇಲ್ಲಿ ಮನೆಯೊಳಗೆ ಹೀಟರ್ ಹಾಕಿ ಗಾಳಿ ತೀರಾ ಒಣಗುತ್ತದೆ. ಭಾರತದಿಂದ ತರಿಸಿದ ಮರದ ಸಾಮಾನು ಮೊದಲ ಚಳಿಗಾಲದಲ್ಲೇ ಟಪ್ಪೆಂದು ಸೀಳುವುದನ್ನು ಪರಿಚಯದವರ ಮನೆಗಳಲ್ಲಿ ಕಂಡಿದ್ದೇನೆ. ಮರದ ತಪ್ಪಲ್ಲ ಅದು. ಹಿಗ್ಗಿ ಕುಗ್ಗಲು ಜಾಗ ಕೊಡದೆ ಮೇಲ್ಭಾಗವನ್ನು ಚೌಕಟ್ಟಿಗೆ ತಿರುಪಿನಿಂದ ಬಿಗಿದುಬಿಟ್ಟಿರುತ್ತಾರೆ.

ಮಲೆನಾಡಿನಲ್ಲೂ ಇದೇ ಕಥೆ, ಕಾರಣ ಮಾತ್ರ ಉಲ್ಟಾ. ಆಷಾಢದ ಮಳೆಗೂ ಮಾರ್ಚ್ ಬಿಸಿಲಿಗೂ ನಡುವೆ ಮೂರು ಅಡಿ ಅಗಲದ ಮೇಜು ಕಾಲು ಇಂಚಿನಷ್ಟು ಹಿಗ್ಗಿ ಕುಗ್ಗಬಹುದು. ಅದಕ್ಕೆ ಉಪಾಯ ಇದೆ. ಮೇಜಿನ ಕೆಳಗಿನ ಅಡ್ಡಪಟ್ಟಿಯ ಒಳಮೈಯಲ್ಲಿ ಉದ್ದಕ್ಕೆ ಒಂದು ಗಾಡಿ, ಎಂದರೆ ತೋಡು, ಹೊಡೆಯಿಸಿ. ಮರದ ಸಣ್ಣ ತುಂಡುಗಳಿಗೆ ಮೂತಿ ಮಾಡಿ, ಆ ಮೂತಿ ಗಾಡಿಯಲ್ಲಿ ಕೂರುವಂತೆ, ಹಿಂಭಾಗ ಮೇಲ್ಹಲಗೆಗೆ ತಿರುಪಿನಲ್ಲಿ ಬಿಗಿಯುವಂತೆ ಮಾಡಿಸಿ. ಮೇಜು ಮೇಲಕ್ಕೆ ಏಳುವುದಿಲ್ಲ, ಅಗಲಕ್ಕೆ ಮಾತ್ರ ಬೇಕಾದಷ್ಟು ಸರಿದುಕೊಳ್ಳುತ್ತದೆ.

ಒಳಮನೆ (ಬೆಂಗಳೂರು)

ಇದನ್ನೇ ನಾನು ಹೇಳಲು ಹೊರಟದ್ದು. ಇಷ್ಟೆಲ್ಲ ತಿಳಿದ ಕೆಲಸಗಾರರು ಎಲ್ಲಿ ಸಿಗುತ್ತಾರೆ? ನಗರದಲ್ಲಿ ಗುತ್ತಿಗೆ ಕೊಟ್ಟರೆ ಅಂಟು ಮೆತ್ತಿ, ಮೊಳೆ ಹೊಡೆದು, ಸಂದಿಗೆ ಮೇಣದ ಪುಟ್ಟಿ ತುಂಬಿ ಬಣ್ಣ ಹೊಡೆದು ಹೋಗುತ್ತಾರೆ. ಅದಕ್ಕಿಂತ ಯಂತ್ರದಲ್ಲಿ ಅಳತೆಗೆ ಸರಿಯಾಗಿ ಮಾಡಿದ್ದು ಮೇಲು ಎಂದು ಗ್ರಾಹಕರಿಗೆ ಹೇಳದೆ ಬೇರೆ ದಾರಿ ಇಲ್ಲ.

ಬಡಗಿಮನೆ (ಸಾಗರ)

ಮೇಡಂ, ಈ ಮಾತು ನನಗೆ ನೋವು ಕೊಟ್ಟಿತು. ಗುತ್ತಿಗೆ ಎಂದರೆ ಚದರ ಅಡಿಗೆ ಇಷ್ಟು ಎಂದು ಗಂಟಲು ಹಿಡಿದು ದರ ಇಳಿಸುತ್ತೀರಿ. ಆ ದರದಲ್ಲಿ ಕಚ್ಚು ಕೊರೆಯುತ್ತಾ ಕೂತರೆ ಮನೆಗೆ ಅಕ್ಕಿ ಬರುವುದಿಲ್ಲ. ಕೈ ತಿಳಿದವರು ಇದ್ದಾರೆ. ಅವರ ಕೈಗೆ ಬೇಕಾದ ಸಮಯಕ್ಕೆ ಹಣ ಕೊಡುವವರು ಇಲ್ಲ. ನಮ್ಮ ತಂದೆಯ ಜೊತೆಯವರಲ್ಲಿ ಎಷ್ಟೋ ಜನ ಉಳಿ ಕೆಳಗಿಟ್ಟು ಸೆಂಟ್ರಿಂಗ್ ಕೆಲಸಕ್ಕೆ ಹೋದರು.

ತೋಟದಮನೆಯವರೇ, ಆ ವಯಸ್ಸಾದ ಆಚಾರಿಗಳಿಗೇ ಕೆಲಸ ಕೊಡಿ. ದಿನಗೂಲಿಯಲ್ಲಿ ಕೊಡಿ.

ಮರದಲೆಕ್ಕ (ದಾಂಡೇಲಿ)

ದಿನಗೂಲಿ ಎಂದರೆ ಕೆಲಸ ಎಳೆದಾಡುತ್ತದೆ ಎಂಬ ಭಯವೂ ಸುಳ್ಳಲ್ಲ. ಮನೆ ಕಟ್ಟಿಸಿದ ಎಲ್ಲರಿಗೂ ಗೊತ್ತು.

ಬಡಗಿಮನೆ (ಸಾಗರ)

ಎಳೆದಾಡುವವರೂ ಇದ್ದಾರೆ, ಇಲ್ಲ ಎನ್ನುವುದಿಲ್ಲ. ನಡುದಾರಿ ಒಂದಿದೆ. ಮೊದಲು ಕಾಗದದ ಮೇಲೆ ಮೇಜಿನ ನಕ್ಷೆ ಬರೆಸಿ. ಯಾವ ಕೂಡು ಎಲ್ಲಿ, ಎಲ್ಲಿಯೂ ಮೊಳೆ ಇರಬಾರದು, ಮೇಲ್ಹಲಗೆ ಹೇಗೆ ಕೂರಬೇಕು ಎಲ್ಲವೂ ಅದರಲ್ಲಿ ಇರಲಿ. ಕೂಡು ಕೊರೆಯುವ ಕೆಲಸವನ್ನು ದಿನಗೂಲಿಗೆ ಕೊಡಿ, ಉಜ್ಜುವುದು ಪಾಲಿಶ್ ಮಾಡುವುದನ್ನು ಒಟ್ಟು ಮೊತ್ತಕ್ಕೆ ಕೊಡಿ. ಅಂಟು ಹಚ್ಚುವ ಮೊದಲು ಎಲ್ಲವನ್ನೂ ಒಣದಾಗಿ ಜೋಡಿಸಿ ತೋರಿಸಲು ಹೇಳಿ. ಒಳ್ಳೆಯ ಕೂಡು ಕೈಯಿಂದ ಒತ್ತಿದರೆ ಅರ್ಧ ಹೋಗುತ್ತದೆ, ಉಳಿದದ್ದಕ್ಕೆ ಕೊಡತಿಯ ಎರಡು ಏಟು ಬೇಕು. ಕೊಡತಿಯೇ ಬೇಡವಾಗಿ ಜಾರಿ ಹೋದರೆ ಸಡಿಲ. ಹತ್ತು ಏಟು ಬೇಕಾದರೆ ತೂತಿನ ಗೋಡೆ ಸೀಳುತ್ತದೆ.

ಚಿಗುರುಳಿ (ಧಾರವಾಡ)

ಕಲಿಯುತ್ತಿರುವವನು ನಾನು. ಕಾಲಿಗೂ ಅಡ್ಡಪಟ್ಟಿಗೂ ಕೂಡು ಹಾಕುವಾಗ ತೂತಿನೊಳಗೆ ಕೂರುವ ನಾಲಗೆಯ ದಪ್ಪ ಎಷ್ಟಿರಬೇಕು? ಬಿದಿರಿನ ಮೊಳೆ ಹಾಕುತ್ತಾರಲ್ಲ, ಅದು ಅಂಟಿನ ಜೊತೆಗೋ, ಅಂಟಿಲ್ಲದೆಯೋ?

ಬಡಗಿಮನೆ (ಸಾಗರ)

ನಾಲಗೆ ಅಡ್ಡಪಟ್ಟಿಯ ದಪ್ಪದ ಮೂರನೆಯ ಒಂದು ಭಾಗ. ಅದಕ್ಕಿಂತ ತೆಳುವಾದರೆ ನಾಲಗೆ ಮುರಿಯುತ್ತದೆ, ದಪ್ಪವಾದರೆ ತೂತಿನ ಗೋಡೆ ಉಳಿಯುವುದಿಲ್ಲ.

ಬಿದಿರಿನ ಮೊಳೆಯ ವಿಷಯ ಸರಿಯಾಗಿ ಕೇಳಿಕೋ ತಮ್ಮ. ಮೊದಲು ಕಾಲಿಗೆ ಬೈರಿಗೆಯಿಂದ ತೂತು ಹಾಕುತ್ತೇವೆ. ನಾಲಗೆಯನ್ನು ಒಳಗೆ ಕೂರಿಸಿ, ತೂತಿನ ಮೂಲಕ ಅದರ ಮೇಲೆ ಗುರುತು ಮಾಡಿ ಹೊರಗೆ ತೆಗೆಯುತ್ತೇವೆ. ನಾಲಗೆಯ ಮೇಲೆ ತೂತು ಹಾಕುವಾಗ ಆ ಗುರುತಿನ ಮೇಲೆಯೇ ಹಾಕಬಾರದು. ನಾಲಗೆಯ ಬುಡದ ಕಡೆಗೆ ಒಂದು ಬೆಂಕಿಕಡ್ಡಿಯ ಅರ್ಧ ದಪ್ಪದಷ್ಟು ಸರಿಸಿ ಹಾಕಬೇಕು. ಈಗ ಮತ್ತೆ ಜೋಡಿಸಿದರೆ ಎರಡು ತೂತುಗಳು ಒಂದೇ ನೇರದಲ್ಲಿ ಇರುವುದಿಲ್ಲ. ಚೂಪು ಮಾಡಿದ ಬಿದಿರಿನ ಮೊಳೆಯನ್ನು ಹೊಡೆದಂತೆ ಅದು ತೂತುಗಳನ್ನು ನೇರಕ್ಕೆ ಎಳೆಯುತ್ತದೆ, ಅಡ್ಡಪಟ್ಟಿ ಬಂದು ಕಾಲಿಗೆ ಕಚ್ಚಿಕೊಳ್ಳುತ್ತದೆ. ಮೊಳೆಗೆ ಬಿದಿರಿನ ಹೊರಮೈಯ ಗಟ್ಟಿ ಭಾಗವನ್ನೇ ತೆಗೆದುಕೋ. ಅಂಟು ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಹಿಂದೆ ಮರವಜ್ರ ಎಂಬ ಅಂಟನ್ನು ಕುದಿಸುತ್ತಿದ್ದರು, ಮಳೆಗಾಲದ ತೇವಕ್ಕೆ ಅದು ಮೆತ್ತಗಾಗುತ್ತಿತ್ತು. ಅದಕ್ಕೇ ಹಳಬರು ಕೂಡನ್ನು ನಂಬಿದರು, ಅಂಟನ್ನು ನಂಬಲಿಲ್ಲ.

ಚಿಗುರುಳಿ (ಧಾರವಾಡ)

ಇದನ್ನು ಬರೆದಿಟ್ಟುಕೊಂಡೆ, ಅಣ್ಣ. ಹಲಸನ್ನು ಕೀಸುವಾಗ ಮೇಲ್ಮೈ ಕಿತ್ತು ಬರುತ್ತದೆ, ಯಾಕೆ?

ಪರದೇಶಿ (ಮಿನೆಸೋಟಾ)

ಅದರ ನಾರು ಒಂದು ಪದರದಲ್ಲಿ ಬಲಕ್ಕೆ, ಮುಂದಿನದರಲ್ಲಿ ಎಡಕ್ಕೆ ಹೆಣೆದುಕೊಂಡಿರುತ್ತದೆ. ಯಾವ ಕಡೆಯಿಂದ ಕೀಸಿದರೂ ಅರ್ಧ ಭಾಗ ಎದುರು ನಾರೇ. ಕೀಸುಳಿಯ ಅಲಗನ್ನು ಮತ್ತೆ ಸಾಣೆ ಹಿಡಿ, ಅಲಗು ಹೊರಗೆ ಚಾಚುವುದನ್ನು ತೀರಾ ಕಡಿಮೆ ಮಾಡು, ಕೀಸುಳಿಯನ್ನು ಸ್ವಲ್ಪ ಓರೆಯಾಗಿ ಹಿಡಿದು ತಳ್ಳು. ಆಗಲೂ ಕಿತ್ತರೆ ಆ ಜಾಗದಲ್ಲಿ ತಗಡಿನ ಹೆರೆಯುವ ಅಲಗು ಬಳಸು. ಉಪ್ಪುಕಾಗದ ಕೊನೆಗೆ.

ಉಜ್ಜುವಾಗ ಮುಖಗವಸು ಹಾಕದೆ ಕೂರಬೇಡ. ಮರದ ಧೂಳನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಇಟ್ಟಿದೆ. ಟವೆಲ್ ಸುತ್ತಿಕೊಂಡರೆ ಸಾಲದು.

ಅರಮನೆದಾರಿ (ಮೈಸೂರು)

ಮರದ ಬಣ್ಣದ ಮಾತು ಬಂದಾಗಲೆಲ್ಲ ನನಗೆ ಬೀಟೆ ನೆನಪಾಗುತ್ತದೆ. ಅರಮನೆಯ ಅಂಬಾವಿಲಾಸದ ಬಾಗಿಲುಗಳನ್ನು ನೋಡಿದ್ದೀರಾ? ಬೀಟೆಯೊಳಗೆ ದಂತ ಕೂರಿಸಿದ ಕೆಲಸ. 1897ರಲ್ಲಿ ಹಳೆಯ ಮರದ ಅರಮನೆ ಸುಟ್ಟ ಮೇಲೆ ಕಟ್ಟಿ 1912ರಲ್ಲಿ ಮುಗಿಸಿದ ಅರಮನೆ ಅದು. ಭಾರತದ ಆನೆಯ ದಂತದ ವ್ಯಾಪಾರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 1986ರ ತಿದ್ದುಪಡಿಯೊಂದಿಗೆ ನಿಂತಿತು, ನಿಂತದ್ದೇ ಒಳ್ಳೆಯದಾಯಿತು. ಈಗ ಬೇರೆ ಬೇರೆ ಬಣ್ಣದ ಮರದ ತೆಳು ಚೂರುಗಳನ್ನೇ ಕೂರಿಸಿ ಚಿತ್ರ ತೆಗೆಯುತ್ತಾರೆ. ಆ ಚಿತ್ರಗಳಲ್ಲಿ ಹಳದಿ ಬೇಕಾದಲ್ಲಿ ಹಲಸಿನ ಚೂರು ಕೂರುತ್ತದೆ. ನಿಮ್ಮ ಮೇಜಿನ ಅಂಚಿಗೆ ಸಣ್ಣದೊಂದು ಬಳ್ಳಿ ಕೂರಿಸಿದರೆ ಎಷ್ಟು ಚೆನ್ನ!

ಕೆಚ್ಚು

ಊಟದ ಮೇಜಿಗೆ ಬೇಡ. ಸಾರು ಚೆಲ್ಲಿ, ಒರೆಸಿ, ತೇವ ಹೋಗಿ ಒಂದೊಂದೇ ಚೂರು ಏಳುತ್ತದೆ. ಗೋಡೆಗೆ ಹಾಕುವ ಫಲಕಕ್ಕೆ ಸರಿ.

ಅರಮನೆದಾರಿ (ಮೈಸೂರು)

ಒಪ್ಪಿದೆ. ಆದರೆ ಮೇಲೆ ಗಾಢ ಕಂದು ಬಣ್ಣ ಹೊಡೆಸಿ ತೇಗದಂತೆ ಮಾಡಿಸಬೇಡಿ, ದಯವಿಟ್ಟು. ಹಲಸಿನ ಹಳದಿ ಬೆಳಕಿಗೆ ತೆರೆದುಕೊಂಡಂತೆ ತಾನಾಗಿಯೇ ಜೇನುಬಣ್ಣಕ್ಕೆ, ಆಮೇಲೆ ಕೆಂಪು ಕಂದಿಗೆ ತಿರುಗುತ್ತದೆ. ಡಬ್ಬದ ಬಣ್ಣ ಹೊಡೆದರೆ ಅದೆಲ್ಲ ಮುಚ್ಚಿಹೋಗುತ್ತದೆ.

ಬೊಂಬೆಯೂರು (ಚನ್ನಪಟ್ಟಣ)

ಬಣ್ಣ ಮರದ ಮೇಲೆ ಹೇಗೆ ಕೂರಬೇಕೆಂದು ನಮ್ಮೂರಿಗೆ ಬಂದು ನೋಡಿ. ಆಲೆ ಮರದ ತುಂಡು ತಿರುಗಣೆಯಲ್ಲಿ ತಿರುಗುತ್ತಿರುತ್ತದೆ, ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ತಾಳೆಗರಿಯಲ್ಲಿ ತಿಕ್ಕಿದರೆ ಹೊಳಪು. ಕುಂಚ ಬೇಡ, ಒಣಗಿಸುವುದೂ ಬೇಡ. ಆದರೆ ಇದು ದುಂಡಗಿನ ಸಾಮಾನಿಗೆ ಮಾತ್ರ, ಮೇಜಿಗೆ ಆಗುವುದಿಲ್ಲ. ಮೇಜಿಗೆ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಹತ್ತಿಯುಂಡೆಯಲ್ಲಿ ತೀಡುವ ಫ್ರೆಂಚ್ ಪಾಲಿಶ್ ಇದೆ. ನೋಡಲು ಬಹಳ ಚೆನ್ನ, ಆದರೆ ಬಿಸಿ ಪಾತ್ರೆ ಇಟ್ಟರೆ ಬಿಳಿ ಉಂಗುರ ಏಳುತ್ತದೆ.

ಕಡಲತಡಿ (ಕುಂದಾಪುರ)

ನಮ್ಮಲ್ಲಿ ಜಂತಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚುತ್ತಾರೆ. ಗೆದ್ದಲು ಹತ್ತಿರ ಸುಳಿಯುವುದಿಲ್ಲ.

ಕೆಚ್ಚು

ಜಂತಿಗೆ ಹಚ್ಚಿ, ಊಟದ ಮೇಜಿಗೆ ಹಚ್ಚಲೇಬೇಡಿ! ಆ ಎಣ್ಣೆ ಚರ್ಮವನ್ನು ಸುಡುತ್ತದೆ. ಮೇಜಿಗೆ ಅಗಸೆ ಎಣ್ಣೆ ಸಾಕು. ತೆಳುವಾಗಿ ಹಚ್ಚಿ, ಅರ್ಧ ಗಂಟೆ ಬಿಟ್ಟು ಉಳಿದದ್ದನ್ನು ಪೂರ್ತಿ ಒರೆಸಿ, ಒಣಗಿದ ಮೇಲೆ ಮತ್ತೆ. ಕೊನೆಗೆ ಜೇನುಮೇಣ. ಒರೆಸಿದ ಬಟ್ಟೆಯನ್ನು ಮುದುಡಿ ಮೂಲೆಗೆ ಎಸೆದರೆ ಅದು ತಾನಾಗಿಯೇ ಕಾದು ಹೊತ್ತಿಕೊಳ್ಳುತ್ತದೆ. ಇದು ಕಟ್ಟುಕಥೆಯಲ್ಲ, ಆ ಎಣ್ಣೆ ಗಾಳಿಯ ಆಮ್ಲಜನಕ ಹೀರುವಾಗ ಶಾಖ ಹುಟ್ಟುತ್ತದೆ. ಬಟ್ಟೆಯನ್ನು ನೀರಿನಲ್ಲಿ ಅದ್ದಿ, ಬಿಡಿಸಿ, ಬಯಲಿನಲ್ಲಿ ಹರಡಿ.

ತೋಟದಮನೆ (ಶಿರಸಿ)

ಎಲ್ಲವನ್ನೂ ಅಮ್ಮನಿಗೆ ಓದಿ ಹೇಳಿದೆ. ಅಣ್ಣನಿಗೆ 15.6 ಘನ ಅಡಿಯ ಲೆಕ್ಕ ಕಳಿಸಿದೆ, ಅವನು ಮೆತ್ತಗಾದ. ಹಲಗೆ ಕೊಯ್ಯಿಸಿ ಒಣಗಿಸುವುದೆಂದು ತೀರ್ಮಾನ. ಎರಡು ಪ್ರಶ್ನೆ ಉಳಿದಿವೆ. ಇಷ್ಟು ಮರದಲ್ಲಿ ಮೇಜಿನ ಜೊತೆ ಕುರ್ಚಿಗಳೂ ಆಗುತ್ತವೆಯೇ? ಹಲಗೆ ಒಣಗಿತೆಂದು ಮೀಟರ್ ಇಲ್ಲದೆ ತಿಳಿಯುವುದು ಹೇಗೆ?

ಮರದಲೆಕ್ಕ (ದಾಂಡೇಲಿ)

ಆರು ಅಡಿ ಉದ್ದ, ಮೂರು ಅಡಿ ಅಗಲ, ಒಂದು ಇಂಚು ದಪ್ಪದ ಮೇಲ್ಭಾಗಕ್ಕೆ 1.5 ಘನ ಅಡಿ. ಕಾಲು, ಅಡ್ಡಪಟ್ಟಿ ಸೇರಿ ಇನ್ನೊಂದು. ಕೊಯ್ಯುವ, ಕೀಸುವ ನಷ್ಟ ಹಿಡಿದರೆ ನಾಲ್ಕು ಘನ ಅಡಿ ಹಲಗೆ ತೆಗೆದಿಡಿ. ಬಿಳಿ ಭಾಗ, ತಿರುಳು ಬಿಟ್ಟು ನಿಮ್ಮ ದಿಮ್ಮಿಯಲ್ಲಿ ಎಂಟರ ಆಸುಪಾಸು ಸಿಗಬಹುದು. ಆರು ಕುರ್ಚಿಗೆ ಸಾಲದು. ಎರಡು ಬೆಂಚು ಮಾಡಿಸಿ, ಕೆಲಸವೂ ಕಡಿಮೆ.

ಒಳಮನೆ (ಬೆಂಗಳೂರು)

ಒಂದು ಬೆಂಚು ಸಾಕು. ಇನ್ನೊಂದು ಬದಿಗೆ ಬೆನ್ನಿರುವ ಕುರ್ಚಿ ಇರಲಿ, ಮನೆಯಲ್ಲಿ ವಯಸ್ಸಾದವರು ಇದ್ದಾರೆ. ಬೆಂಚಿನಿಂದ ಒಬ್ಬರು ಏಳಬೇಕಾದರೆ ಪಕ್ಕದವರೂ ಏಳಬೇಕು, ಅಮ್ಮನಿಗೆ ದಿನಾ ಕಷ್ಟ. ಮೇಜಿನ ಎತ್ತರ 29 ರಿಂದ 30 ಇಂಚು, ಆಸನ 17 ರಿಂದ 18 ಇಂಚು ಇಡಿಸಿ. ಮತ್ತೆ, ಬಡಗಿಮನೆಯವರೇ, ನಿಮ್ಮ ಮಾತಿನಲ್ಲಿ ಸತ್ಯವಿದೆ. ಕೂಡು ಹಾಕಿ ಮಾಡುವ ಕೆಲಸಕ್ಕೆ ದಿನದ ಲೆಕ್ಕದಲ್ಲಿ ಕೂಲಿ ಕೊಡಲು ತಯಾರಿರುವ ಗ್ರಾಹಕರು ನನ್ನ ಹತ್ತಿರ ಒಬ್ಬಿಬ್ಬರು ಬರುತ್ತಾರೆ. ನಿಮಗೆ ಸಂದೇಶ ಕಳಿಸುತ್ತೇನೆ.

ಬಡಗಿಮನೆ (ಸಾಗರ)

ಕಳಿಸಿ ಮೇಡಂ, ಖಂಡಿತ ಮಾಡಿಕೊಡುತ್ತೇನೆ.

ತೋಟದಮನೆಯವರೇ, ಮೀಟರ್ ಬೇಡ. ಪೇರಿಸಿದ ಹಲಗೆಗಳಲ್ಲಿ ಕೈಗೆ ಸಿಗುವ ಒಂದನ್ನು ಗುರುತು ಮಾಡಿಟ್ಟು, ಅಡಿಕೆ ತೂಗುವ ತಕ್ಕಡಿಯಲ್ಲಿ ತಿಂಗಳಿಗೊಮ್ಮೆ ತೂಗಿ, ತೂಕವನ್ನು ಹಲಗೆಯ ಮೇಲೆಯೇ ಪೆನ್ಸಿಲ್‌ನಲ್ಲಿ ಬರೆಯಿರಿ. ಮೊದಲ ತಿಂಗಳುಗಳಲ್ಲಿ ತೂಕ ಸರಸರನೆ ಇಳಿಯುತ್ತದೆ. ಬೇಸಿಗೆಯಲ್ಲಿ ಎರಡು ಮೂರು ತಿಂಗಳು ಒಂದೇ ತೂಕ ನಿಂತರೆ ಆಚಾರಿಗಳಿಗೆ ಹೇಳಿ ಕಳಿಸಿ. ಮಳೆಗಾಲದಲ್ಲಿ ತೂಕ ನಿಂತಿತೆಂದು ಮೋಸ ಹೋಗಬೇಡಿ, ಆಗ ಗಾಳಿಯೇ ಒದ್ದೆ. ಕಾಲುಗಳ ದಪ್ಪ ತುಂಡಿಗೆ ಹಲಗೆಗಿಂತ ಹೆಚ್ಚು ಸಮಯ ಬೇಕು, ಅವನ್ನು ಬೇರೆಯೇ ತೂಗಿ.

ಕಡಲತಡಿ (ಕುಂದಾಪುರ)

ಎಲ್ಲ ಸರಿ, ತಿಥಿ ಯಾವುದೆಂದು ಇನ್ನೂ ಹೇಳಲಿಲ್ಲ.

ತೋಟದಮನೆ (ಶಿರಸಿ)

ಅಮ್ಮ ಪಂಚಾಂಗ ನೋಡಿದರು. ಬಹುಳ ದ್ವಾದಶಿ.

ಕಡಲತಡಿ (ಕುಂದಾಪುರ)

ಅಮಾವಾಸ್ಯೆಗೆ ಮೂರೇ ದಿನ! ಬೀಜಗಣಿತದವರೇ, ಈಗ ಏನು ಹೇಳುತ್ತೀರಿ?

ಬೀಜಗಣಿತ (ಹಾಸನ)

ಬಿಳಿ ಭಾಗವನ್ನು ಕೆತ್ತಿ ತೆಗೆಯಿರಿ ಎನ್ನುತ್ತೇನೆ.